ಹಳೆಯ ಪಿಕಪ್‌ನಲ್ಲಿ ಎಸಿ, ಹೀಟರ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೊಲೆರೊ ಕ್ಯಾಂಪರ್, ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಕ್ಸೆನಾನ್, 2016ರ ಆಸುಪಾಸಿನ ಇಸುಜು ವಿ-ಕ್ರಾಸ್. ವಯಸ್ಸಾದ ಇಂಥ ಗಾಡಿಗಳನ್ನು ಇಟ್ಟುಕೊಂಡವರು ಬೇಸಿಗೆ ಬಂದಾಗ ಎಸಿ ಬಗ್ಗೆ, ಮಳೆಗಾಲ ಮತ್ತು ಚಳಿಗಾಲದಲ್ಲಿ ಹೀಟರ್ ಬಗ್ಗೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕಂಪನಿ ಬೇರೆಯಾದರೂ ಒಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ. ಎಂಜಿನ್ ಬೆಲ್ಟಿನಿಂದ ತಿರುಗಿ ಗ್ಯಾಸನ್ನು ಒತ್ತುವ ಕಂಪ್ರೆಸರ್, ರೇಡಿಯೇಟರ್ ಮುಂದೆ ಶಾಖವನ್ನು ಹೊರಬಿಡುವ ಕಂಡೆನ್ಸರ್, ಡ್ಯಾಶ್‌ಬೋರ್ಡಿನೊಳಗೆ ಕೂಲಿಂಗ್ ಕಾಯಿಲ್, ಅದರ ಬಾಯಲ್ಲಿ ಗ್ಯಾಸನ್ನು ಕಿರಿದಾದ ಕಿಂಡಿಯಿಂದ ಒಳಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್, ಕೊಳವೆಗಳಲ್ಲಿ ಆರ್-134ಎ ಗ್ಯಾಸ್. ಹೀಟರ್ ಇನ್ನೂ ಸರಳ: ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಬಿಸಿಯಾಗಿ ಹರಿಯುವ ಪುಟ್ಟ ರೇಡಿಯೇಟರ್ (ಹೀಟರ್ ಕಾಯಿಲ್) ಮತ್ತು ಅದರ ಮೇಲೆ ಗಾಳಿ ಊದುವ ಬ್ಲೋವರ್. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಎಸಿ ಗ್ಯಾಸನ್ನು ಎಷ್ಟು ವರ್ಷಕ್ಕೊಮ್ಮೆ ತುಂಬಿಸಬೇಕು?

ಹಾಗೊಂದು ಅವಧಿಯೇ ಇಲ್ಲ. ಗ್ಯಾಸ್ ಡೀಸೆಲ್ಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸುಗಳಿಂದ, ಕಂಪ್ರೆಸರ್ ಶಾಫ್ಟಿನ ಸೀಲಿನಿಂದ ತೀರಾ ಸ್ವಲ್ಪ ಜಿನುಗುವುದು ಸಹಜ. ಅದರ ಪರಿಣಾಮ ಗೊತ್ತಾಗುವುದಕ್ಕೆ ವರ್ಷಗಳೇ ಬೇಕು. ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸುವ ಪಾಳಿ ಬರುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ.

ಸೋರಿಕೆ ಹುಡುಕದೆ ಗ್ಯಾಸ್ ಹಾಕಿಸಿಕೊಂಡು ಬರುವುದು ನನ್ನ ಪ್ರಕಾರ ಹಳೆಯ ಗಾಡಿಗೆ ಮಾಡುವ ದೊಡ್ಡ ಅನ್ಯಾಯ. ದುಡ್ಡು ಹೋಗುವುದು ಒಂದು ಕಡೆಯಾದರೆ, ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಓಡಾಡುತ್ತದೆ. ಗ್ಯಾಸ್ ಸೋರಿದಾಗ ಎಣ್ಣೆಯೂ ಹೊರಗೆ ಹೋಗುತ್ತದೆ. ಮೂರು ಬೇಸಿಗೆ ಬರೀ ಗ್ಯಾಸ್ ಹಾಕಿ ಓಡಿಸಿದ ಕಂಪ್ರೆಸರ್ ನಾಲ್ಕನೆಯ ಬೇಸಿಗೆಯಲ್ಲಿ ಒಣಗಿ ಕಚ್ಚಿಕೊಂಡರೆ ಅದು ಅದರ ತಪ್ಪಲ್ಲ. ಗಾಳಿಗೆ ಸೇರಿದ ಆರ್-134ಎ ನೂರು ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಈ ಬಗೆಯ ಅನಿಲಗಳನ್ನು ಹಂತಹಂತವಾಗಿ ಇಳಿಸುವ ಕಿಗಾಲಿ ಒಪ್ಪಂದವನ್ನು ಭಾರತವೂ 2021ರಲ್ಲಿ ಅಂಗೀಕರಿಸಿದೆ.

ಸೋರಿಕೆಯನ್ನು ನಾನೇ ಹುಡುಕಬಹುದೇ?

ಬಹುಪಾಲು ಹುಡುಕಬಹುದು. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಎಸಿ ಪೈಪಿನ ಒಂದೊಂದು ಜೋಡಣೆಯನ್ನೂ ನೋಡುತ್ತಾ ಹೋಗಿ. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರೊಂದಿಗೆ ಬಂದ ಎಣ್ಣೆ ಕಾಣುತ್ತದೆ. ಸುತ್ತಲಿನ ಪೈಪಿನ ಮೇಲೆ ಧೂಳು ಒಣಗಿ ಬೂದಿ ಬಣ್ಣದಲ್ಲಿರುವಾಗ ಒಂದು ನಟ್ಟಿನ ಸುತ್ತ ಮಾತ್ರ ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಜಿಡ್ಡು ತಾಗುವಂತೆ ಕೆಸರುಗಟ್ಟಿದ್ದರೆ ಅಲ್ಲೇ ನಿಲ್ಲಿ. ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬ್ರಷ್ಷಿನಿಂದ ಹಚ್ಚಿದರೆ ಸಣ್ಣ ಗುಳ್ಳೆಗಳು ಏಳುತ್ತವೆ.

ನೋಡಲೇಬೇಕಾದ ಜಾಗಗಳು ಕೆಲವು. ಕಂಡೆನ್ಸರಿನ ಕೆಳತುದಿ, ಅಂದರೆ ಕಲ್ಲು ಸಿಡಿಯುವ ಮತ್ತು ಕೆಸರು ಕೂತು ಅಲ್ಯೂಮಿನಿಯಂ ತಿನ್ನುವ ಜಾಗ. ಕಂಪ್ರೆಸರಿಗೆ ಹೋಸ್ ಸೇರುವ ಕಡೆ. ಕಂಪ್ರೆಸರನ್ನು ಪುಲ್ಲಿಗೆ ಜೋಡಿಸಿ ಬಿಡಿಸುವ ಕ್ಲಚ್‌ನ ಹಿಂದೆ, ಶಾಫ್ಟ್ ಸೀಲ್ ಇರುವಲ್ಲಿ. ಗ್ಯಾಸ್ ತುಂಬುವ ಎರಡು ವಾಲ್ವುಗಳ ಪ್ಲಾಸ್ಟಿಕ್ ಮುಚ್ಚಳದೊಳಗೆ. ಈ ಮುಚ್ಚಳಗಳು ಹಳೆಯ ಗಾಡಿಗಳಲ್ಲಿ ಇರುವುದೇ ಅಪರೂಪ. ಕೆಲವೇ ರೂಪಾಯಿಯ ಮುಚ್ಚಳ ಧೂಳನ್ನೂ ತಡೆಯುತ್ತದೆ, ಸೋರಿಕೆಯನ್ನೂ ತಡೆಯುತ್ತದೆ, ಹೊಸದು ಹಾಕಿಸಿ.

ಎಲ್ಲಿಯೂ ಜಿಡ್ಡು ಕಾಣದಿದ್ದರೆ ಸೋರುತ್ತಿರುವುದು ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್ ಇರಬಹುದು. ಆಗ ವರ್ಕ್‌ಶಾಪಿನಲ್ಲಿ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ಪರೀಕ್ಷಿಸಬೇಕು, ಇಲ್ಲವೇ ಬಣ್ಣದ ಡೈ ಹಾಕಿ ನೇರಳಾತೀತ ಬೆಳಕಿನಲ್ಲಿ ನೋಡಬೇಕು. ಕಾಯಿಲ್ ಬದಲಿಸಲು ಹಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದ್ದರಿಂದ ಕೂಲಿಯೇ ಹೆಚ್ಚು. ಸೋರಿಕೆ ಖಚಿತವಾಗದೆ ಆ ಕೆಲಸಕ್ಕೆ ಒಪ್ಪಬೇಡಿ.

ಬ್ಲೋವರ್ ಚೆನ್ನಾಗಿದೆ, ಎಸಿ ಸ್ವಿಚ್ಚಿನ ದೀಪವೂ ಉರಿಯುತ್ತದೆ, ಆದರೆ ತಂಪಿಲ್ಲ. ಮೊದಲು ಏನು ನೋಡಬೇಕು?

ಕಂಪ್ರೆಸರಿನ ಕ್ಲಚ್ಚನ್ನು. ಎಂಜಿನ್ ಓಡುತ್ತಿರುವಾಗ ಕಂಪ್ರೆಸರಿನ ಪುಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ, ಆದರೆ ಅದರ ಮುಂದಿರುವ ತಟ್ಟೆ ಎಸಿ ಹಾಕಿದಾಗ ಮಾತ್ರ ತಿರುಗಬೇಕು. ಒಬ್ಬರು ಒಳಗೆ ಕುಳಿತು ಸ್ವಿಚ್ ಒತ್ತಲಿ, ನೀವು ಹೊರಗೆ ನಿಂತು ನೋಡಿ. ಸಡಿಲ ಬಟ್ಟೆ, ಶಾಲು ಬೆಲ್ಟಿನ ಹತ್ತಿರ ಬಾರದಿರಲಿ. ‘ಟಕ್’ ಎಂಬ ಶಬ್ದದೊಂದಿಗೆ ತಟ್ಟೆ ಪುಲ್ಲಿಗೆ ಅಂಟಿಕೊಂಡು ತಿರುಗಿದರೆ ವಿದ್ಯುತ್ ಸರಿಯಿದೆ, ಮುಂದೆ ಗ್ಯಾಸ್ ಮತ್ತು ಗಾಳಿಯ ಕಡೆ ಹುಡುಕಬೇಕು.

ತಟ್ಟೆ ಅಲುಗದಿದ್ದರೆ ಫ್ಯೂಸ್, ಆಮೇಲೆ ರಿಲೇ, ಅಂದರೆ ಕ್ಲಚ್ಚಿಗೆ ಕರೆಂಟ್ ಬಿಡುವ ಪುಟ್ಟ ವಿದ್ಯುತ್ ಸ್ವಿಚ್. ಒಂದೇ ನಮೂನೆಯ ಇನ್ನೊಂದು ರಿಲೇಯನ್ನು, ಹಾರ್ನಿನದೋ ದೀಪದ್ದೋ, ತಾತ್ಕಾಲಿಕವಾಗಿ ಅದಲು ಬದಲು ಮಾಡಿ ನೋಡಬಹುದು. ಅದೂ ಸರಿಯಿದ್ದರೆ ಪ್ರೆಷರ್ ಸ್ವಿಚ್ಚಿನತ್ತ ಗಮನ ಹರಿಸಿ. ಗ್ಯಾಸ್ ತೀರಾ ಕಡಿಮೆಯಾದಾಗ ಕಂಪ್ರೆಸರ್ ಓಡದಂತೆ ತಡೆಯುವುದು ಅದರ ಕೆಲಸ. ಆ ಸ್ವಿಚ್ಚಿನ ಎರಡು ತಂತಿಗಳನ್ನು ಸೇರಿಸಿ ಕಂಪ್ರೆಸರನ್ನು ಬಲವಂತವಾಗಿ ಓಡಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಗ್ಯಾಸ್ ಇಲ್ಲದೆ ಓಡುವ ಕಂಪ್ರೆಸರಿಗೆ ಎಣ್ಣೆಯೂ ಸಿಗುವುದಿಲ್ಲ.

ಹಳೆಯ ಗಾಡಿಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ: ತಣ್ಣಗಿರುವಾಗ ಕ್ಲಚ್ ಹಿಡಿಯುತ್ತದೆ, ಅರ್ಧ ಗಂಟೆ ಓಡಿದ ಮೇಲೆ ಬಿಟ್ಟುಬಿಡುತ್ತದೆ. ತಟ್ಟೆ ಸವೆದು ಪುಲ್ಲಿಯೊಂದಿಗಿನ ಸಂದು ದೊಡ್ಡದಾಗಿರುತ್ತದೆ. ಸಂದು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ತಟ್ಟೆ ಬಿಚ್ಚಿ ಒಳಗಿರುವ ತೆಳುವಾದ ವಾಷರ್‌ಗಳಲ್ಲಿ ಒಂದನ್ನು ತೆಗೆದರೆ ಹಲವು ಸಲ ಕಂಪ್ರೆಸರ್ ಬದಲಿಸುವ ಖರ್ಚೇ ತಪ್ಪುತ್ತದೆ.

ಹೆದ್ದಾರಿಯಲ್ಲಿ ತಂಪಾಗಿರುತ್ತದೆ, ಪೇಟೆಯೊಳಗೆ ನಿಧಾನವಾಗಿ ಹೋಗುವಾಗ ಬಿಸಿ ಗಾಳಿ. ಏಕೆ?

ಇದು ಸಾಮಾನ್ಯವಾಗಿ ಗ್ಯಾಸಿನ ಸಮಸ್ಯೆಯಲ್ಲ, ಕಂಡೆನ್ಸರಿನ ಮೇಲೆ ಹಾಯುವ ಗಾಳಿಯ ಸಮಸ್ಯೆ. ಕ್ಯಾಬಿನ್ನಿನಿಂದ ಹೊತ್ತು ತಂದ ಶಾಖವನ್ನು ಗ್ಯಾಸ್ ಬಿಟ್ಟುಕೊಡುವುದು ಅಲ್ಲಿಯೇ. ವೇಗವಾಗಿ ಹೋಗುವಾಗ ಎದುರುಗಾಳಿ ಆ ಕೆಲಸ ಮಾಡುತ್ತದೆ, ನಿಂತಾಗ ಫ್ಯಾನ್ ಮಾಡಬೇಕು.

ಮೊದಲು ಕಂಡೆನ್ಸರಿನ ಮುಖ ನೋಡಿ. ಹುಳುಗಳು, ಭತ್ತದ ಹೊಟ್ಟು, ಕೆಂಪು ಮಣ್ಣು ಕೂತಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಬೀಳುವುದಿಲ್ಲ: ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದು. ಹಳ್ಳಿ ರಸ್ತೆಯಲ್ಲಿ ದುಡಿದ ಪಿಕಪ್ಪಿನಲ್ಲಿ ಅಲ್ಲಿ ಕಂಬಳಿ ಹೊದಿಸಿದಂತೆ ಧೂಳು ಕಟ್ಟಿರುತ್ತದೆ. ಮೇಲಿನ ಬೋಲ್ಟುಗಳನ್ನು ಸಡಿಲಿಸಿ, ಪೈಪು ಎಳೆಯದಂತೆ ತುಸು ಮುಂದಕ್ಕೆ ವಾಲಿಸಿ, ಸಾಧಾರಣ ಒತ್ತಡದ ನೀರಿನಿಂದ ತೊಳೆಯಿರಿ. ವಾಟರ್ ಸರ್ವಿಸ್‌ನ ಗನ್ನನ್ನು ಹತ್ತಿರ ಹಿಡಿದರೆ ತೆಳ್ಳನೆಯ ರೆಕ್ಕೆಗಳು ಮಡಚಿಕೊಂಡು ಗಾಳಿಗೆ ದಾರಿಯೇ ಮುಚ್ಚಿಹೋಗುತ್ತದೆ.

ಆಮೇಲೆ ಫ್ಯಾನ್. ಕಂಡೆನ್ಸರಿಗೆ ವಿದ್ಯುತ್ ಫ್ಯಾನ್ ಇದ್ದರೆ ಎಸಿ ಹಾಕಿದಾಗ ಅದು ತಿರುಗಲೇಬೇಕು. ಎಂಜಿನ್ನಿನ ಶಾಫ್ಟಿಗೆ ಕೂತ ವಿಸ್ಕಸ್ ಫ್ಯಾನ್ ಆದರೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ, ಒಲ್ಲದ ಮನಸ್ಸಿನಿಂದ ತಿರುಗಬೇಕು. ಸರಾಗವಾಗಿ ಹಲವು ಸುತ್ತು ಹೊಡೆದರೆ ಅದರೊಳಗಿನ ಸಿಲಿಕೋನ್ ಎಣ್ಣೆ ಹೋಗಿದೆ. ಅಂಥ ಫ್ಯಾನ್ ಎಸಿಯನ್ನಷ್ಟೇ ಅಲ್ಲ, ಘಾಟಿಯಲ್ಲಿ ಎಂಜಿನ್ನನ್ನೂ ಅಪಾಯಕ್ಕೆ ದೂಡುತ್ತದೆ.

ಒಂದು ಗಂಟೆ ಚೆನ್ನಾಗಿ ತಂಪು ಕೊಟ್ಟು ಆಮೇಲೆ ಗಾಳಿಯೇ ಕಡಿಮೆಯಾಗುತ್ತದೆ. ನಿಲ್ಲಿಸಿ ಹೊರಟರೆ ಮತ್ತೆ ಸರಿ.

ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಬ್ಲೋವರಿನ ಸದ್ದು ಹಾಗೆಯೇ ಇದ್ದು ಗಾಳಿ ಮಾತ್ರ ಬಾರದೆ, ಗಾಡಿ ನಿಲ್ಲಿಸಿದ ಮೇಲೆ ಕೆಳಗೆ ಬಹಳಷ್ಟು ನೀರು ಸುರಿದರೆ ಅನುಮಾನವೇ ಬೇಡ. ಕಾಯಿಲ್ ಸೊನ್ನೆ ಡಿಗ್ರಿ ಮುಟ್ಟುವ ಮೊದಲೇ ಕಂಪ್ರೆಸರನ್ನು ನಿಲ್ಲಿಸಲು ಒಂದು ಸಣ್ಣ ಥರ್ಮಿಸ್ಟರ್ ಅಥವಾ ಥರ್ಮೋಸ್ಟಾಟ್ ಇರುತ್ತದೆ. ಅದರ ತುದಿ ಕಾಯಿಲಿನ ರೆಕ್ಕೆಗಳ ನಡುವೆ ಸಿಕ್ಕಿಸಿರಬೇಕು. ಯಾವುದೋ ರಿಪೇರಿಯಲ್ಲಿ ಅದನ್ನು ಹೊರಗೆಳೆದು ಮರಳಿ ಸಿಕ್ಕಿಸದೆ ಬಿಟ್ಟಿರುವುದೇ ಹೆಚ್ಚು. ಕ್ಯಾಬಿನ್ ಫಿಲ್ಟರ್ ಇರುವ ಗಾಡಿಯಾದರೆ ಅದು ಕಟ್ಟಿಕೊಂಡಿದೆಯೇ ಎಂದೂ ನೋಡಿ.

ಗಾಳಿ ಪೂರ್ತಿ ಬರುತ್ತಿದ್ದು ತಂಪು ಮಾತ್ರ ಬಂದು ಹೋಗಿ ಮಾಡುತ್ತಿದ್ದರೆ ಕಾರಣ ಬೇರೆ. ಕೊಳವೆಯೊಳಗೆ ತೇವಾಂಶ ಸೇರಿದೆ. ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರಿದಾದ ಕಿಂಡಿಯಲ್ಲಿ ಆ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಎಸಿ ನಿಲ್ಲಿಸಿದರೆ ಕರಗುತ್ತದೆ. ಗ್ಯಾಸ್ ತೆಗೆದು, ತೇವ ಹೀರುವ ಡಬ್ಬಿಯಾದ ಡ್ರೈಯರ್ ಬದಲಿಸಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ವ್ಯಾಕ್ಯೂಮ್ ಹಾಕಿದ, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆದ ಮೇಲಷ್ಟೇ ಹೊಸ ಗ್ಯಾಸ್ ತುಂಬಬೇಕು.

ಮೆಕ್ಯಾನಿಕ್ ಗೇಜ್ ಹಾಕಿ ಅಂಕಿಗಳನ್ನು ಹೇಳುತ್ತಾರೆ. ನನಗೆ ಏನು ಅರ್ಥವಾಗಬೇಕು?

ಗೇಜ್ ಎಂದರೆ ಕೊಳವೆಯೊಳಗಿನ ಒತ್ತಡ ತೋರಿಸುವ ಮೀಟರ್. ನೀಲಿ ಗೇಜ್ ಕಡಿಮೆ ಒತ್ತಡದ ಬದಿಗೆ, ಕೆಂಪು ಹೆಚ್ಚು ಒತ್ತಡದ ಬದಿಗೆ. ಹೊರಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ದಿನ, ಎಂಜಿನ್ ನಿಮಿಷಕ್ಕೆ 1,500 ಸುತ್ತಿನಲ್ಲಿ, ಬ್ಲೋವರ್ ಪೂರ್ತಿ, ಬಾಗಿಲು ತೆರೆದಿಟ್ಟು ನೋಡಿದರೆ ನೀಲಿ ಸುಮಾರು 30ರಿಂದ 45 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ), ಕೆಂಪು ಸುಮಾರು 200ರಿಂದ 250 ಪಿಎಸ್‌ಐ ತೋರಿಸಬೇಕು. ಎರಡೂ ತಗ್ಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಏರಿದ್ದರೆ ಗ್ಯಾಸ್ ಅತಿಯಾಗಿದೆ, ಕಂಡೆನ್ಸರಿಗೆ ಗಾಳಿಯಿಲ್ಲ, ಇಲ್ಲವೇ ಕೊಳವೆಯೊಳಗೆ ಗಾಳಿ ಸೇರಿದೆ. ನೀಲಿ ಏರಿ ಕೆಂಪು ಇಳಿದಿದ್ದರೆ ಕಂಪ್ರೆಸರ್ ಒತ್ತುತ್ತಿಲ್ಲ. ನೀಲಿ ಸೊನ್ನೆಗಿಂತ ಕೆಳಗೆ, ವ್ಯಾಕ್ಯೂಮಿಗೆ ಇಳಿದರೆ ದಾರಿ ಎಲ್ಲೋ ಕಟ್ಟಿದೆ, ಹೆಚ್ಚಾಗಿ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ.

ಎಂಜಿನ್ ನಿಲ್ಲಿಸಿದಾಗಿನ ಒತ್ತಡ ನೋಡಿ “ಗ್ಯಾಸ್ ಫುಲ್ ಇದೆ” ಎಂದರೆ ಒಪ್ಪಬೇಡಿ. 30 ಡಿಗ್ರಿಯಲ್ಲಿ ಆರ್-134ಎ ಒತ್ತಡ ಸುಮಾರು 97 ಪಿಎಸ್‌ಐ. ಒಳಗೆ ಚೂರು ದ್ರವ ಉಳಿದಿದ್ದರೂ ಅಷ್ಟೇ, ಪೂರ್ತಿ ತುಂಬಿದ್ದರೂ ಅಷ್ಟೇ. ಎಷ್ಟಿದೆ ಎಂಬುದನ್ನು ತೂಕ ಮಾತ್ರ ಹೇಳಬಲ್ಲದು.

ಸ್ವಲ್ಪ ಜಾಸ್ತಿ ಗ್ಯಾಸ್ ಹಾಕಿದರೆ ಇನ್ನೂ ತಂಪಾಗುವುದಿಲ್ಲವೇ?

ಇಲ್ಲ, ತಂಪು ಕಡಿಮೆಯಾಗುತ್ತದೆ. ಕಂಡೆನ್ಸರಿನಲ್ಲಿ ದ್ರವ ತುಂಬಿಕೊಂಡು ಶಾಖ ಬಿಡಲು ಜಾಗವಿಲ್ಲದಾಗುತ್ತದೆ, ಒತ್ತಡ ಏರುತ್ತದೆ, ಬೆಲ್ಟು ಕೂಗುತ್ತದೆ. ಬಾನೆಟ್ಟಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಗ್ಯಾಸಿನ ತೂಕ ಗ್ರಾಂ ಲೆಕ್ಕದಲ್ಲಿರುತ್ತದೆ. ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಅಷ್ಟೇ ಹಾಕಬೇಕು.

ಕೆಲವು ಕಡೆ ಗ್ಯಾಸ್ ಬಹಳ ಅಗ್ಗ. ಹಾಕಿಸಬಹುದೇ?

ಎಲ್ಲಿಂದ ಬಂದ ಗ್ಯಾಸ್ ಎಂದು ಗೊತ್ತಿಲ್ಲದಿದ್ದರೆ ಬೇಡವೇ ಬೇಡ. ಅಡುಗೆ ಅನಿಲದಂಥ ಹೈಡ್ರೋಕಾರ್ಬನ್ ಬೆರೆಸಿದರೂ ತಂಪು ಬರುತ್ತದೆ, ಅದಕ್ಕಾಗಿಯೇ ಮೋಸ ಗೊತ್ತಾಗುವುದಿಲ್ಲ. ಆದರೆ ಕಾಯಿಲ್ ಸೋರಿದರೆ ಉರಿಯುವ ಅನಿಲ ನೀವು ಕುಳಿತ ಕ್ಯಾಬಿನ್ನಿನೊಳಗೇ ತುಂಬುತ್ತದೆ. ನಕಲಿ ಸಿಲಿಂಡರುಗಳಲ್ಲಿ ಸಿಕ್ಕಿರುವ ಮೀಥೈಲ್ ಕ್ಲೋರೈಡ್ ಇನ್ನೂ ಕೆಟ್ಟದ್ದು. ಅದು ಅಲ್ಯೂಮಿನಿಯಂ ಜೊತೆ ವರ್ತಿಸಿ ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತುಗಳನ್ನು ಉಂಟುಮಾಡುತ್ತದೆ. ಕೆಲವು ನೂರು ರೂಪಾಯಿಗೆ ಈ ಅಪಾಯ ತಂದುಕೊಳ್ಳುವುದು ಯಾರಿಗೂ ಬೇಡ.

ಬ್ಲೋವರ್ ಕೊನೆಯ ನಂಬರಿನಲ್ಲಿ ಮಾತ್ರ ಓಡುತ್ತದೆ.

ರೆಸಿಸ್ಟರ್ ಸುಟ್ಟಿದೆ. ಕಡಿಮೆ ವೇಗಗಳೆಲ್ಲ ಕರೆಂಟ್ ತಗ್ಗಿಸುವ ಈ ರೆಸಿಸ್ಟರಿನ ಮೂಲಕ ಬರುತ್ತವೆ, ಪೂರ್ತಿ ವೇಗಕ್ಕೆ ಅದರ ಹಂಗಿಲ್ಲ. ಬ್ಲೋವರಿನ ಹತ್ತಿರವೇ, ಗಾಳಿ ತಾಗುವಂತೆ ಎರಡು ಸ್ಕ್ರೂಗಳಲ್ಲಿ ಕೂತಿರುತ್ತದೆ, ಬೆಲೆಯೂ ಹೆಚ್ಚಲ್ಲ. ಕನೆಕ್ಟರ್ ಕರಗಿ ಕಂದುಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಿ. ಹೊಸ ರೆಸಿಸ್ಟರ್ ಬೇಗ ಸುಟ್ಟರೆ ಬ್ಲೋವರ್ ಮೋಟಾರ್ ಬಿಗಿಯಾಗಿ ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದರ್ಥ.

ಬ್ಲೋವರ್ ಹಾಕಿದರೆ ಕಟಕಟ ಶಬ್ದ, ಜೊತೆಗೆ ಕೆಟ್ಟ ನಾತ.

ತೋಟದ ಮನೆಯಲ್ಲಿ ನಿಲ್ಲುವ ಗಾಡಿಯಾದರೆ ಇಲಿಯನ್ನೇ ಮೊದಲು ಶಂಕಿಸಿ. ಹೊರಗಾಳಿ ಒಳಬರುವ ಕಿಂಡಿಯಿಂದ ನುಗ್ಗಿ ಬ್ಲೋವರ್ ಡಬ್ಬಿಯಲ್ಲಿ ಒಣಹುಲ್ಲು, ಅಡಿಕೆ ಸಿಪ್ಪೆಯ ನಾರು ಸೇರಿಸಿ ಗೂಡು ಮಾಡುತ್ತದೆ. ಗ್ಲೋವ್ ಬಾಕ್ಸ್ ತೆಗೆದರೆ ಬ್ಲೋವರ್ ಸಿಗುತ್ತದೆ. ಕೈಗವಸು, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಒಣ ಕಸವನ್ನು ಕೆದಕುವ ಮೊದಲು ಸೋಂಕುನಿವಾರಕ ಸಿಂಪಡಿಸಿ ತೆಗೆಯಿರಿ. ಇಲಿ ಹಿಕ್ಕೆಯ ಧೂಳು ಉಸಿರಿಗೆ ಸೇರಬಾರದು. ಆ ಕಿಂಡಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಸಿ. ರಾತ್ರಿ ಗಾಡಿ ನಿಲ್ಲಿಸುವಾಗ ಗಾಳಿಯ ಗುಂಡಿಯನ್ನು ಒಳಗಾಳಿಗೆ ಇಟ್ಟರೆ ಆ ದಾರಿಯ ಮುಚ್ಚಳವೂ ಮುಚ್ಚಿರುತ್ತದೆ.

ಬರೀ ಮುಗ್ಗಲು ವಾಸನೆಯಾದರೆ ಅದು ಒದ್ದೆ ಕಾಯಿಲಿನ ಮೇಲೆ ಬೆಳೆದ ಬೂಷ್ಟು. ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಎಸಿ ಆರಿಸಿ ಬ್ಲೋವರ್ ಮಾತ್ರ ಓಡಿಸಿದರೆ ಕಾಯಿಲ್ ಒಣಗುತ್ತದೆ.

ಎಸಿ ಹಾಕಿದರೂ ಬೆಚ್ಚನೆಯ ಗಾಳಿಯೇ ಬೆರೆತು ಬರುತ್ತದೆ. ಗೇಜ್ ಸರಿಯಿದೆ ಎನ್ನುತ್ತಾರೆ.

ಹೀಟರ್ ಮುಚ್ಚುತ್ತಿಲ್ಲ. ಕೆಲವು ಗಾಡಿಗಳಲ್ಲಿ ಬಿಸಿ ಕೂಲೆಂಟನ್ನು ತಡೆಯುವ ವಾಲ್ವ್ ಇದೆ, ಕೆಲವುಗಳಲ್ಲಿ ಗಾಳಿಯನ್ನು ತಿರುಗಿಸುವ ಫ್ಲಾಪ್ ಇದೆ. ಎರಡನ್ನೂ ಎಳೆಯುವುದು ಡ್ಯಾಶ್‌ಬೋರ್ಡಿನ ಗುಂಡಿಯಿಂದ ಹೋದ ಕೇಬಲ್. ಅದು ತುಕ್ಕು ಹಿಡಿದು ಅರ್ಧದಲ್ಲೇ ನಿಲ್ಲುತ್ತದೆ, ಇಲ್ಲವೇ ಕ್ಲಿಪ್ಪಿನಿಂದ ಕಳಚಿರುತ್ತದೆ. ಹೀಟರಿಗೆ ಹೋಗುವ ಹೋಸನ್ನು ರಬ್ಬರಿಗೆ ಗಾಯವಾಗದಂತೆ ಬಟ್ಟೆ ಸುತ್ತಿ ಕ್ಲಾಂಪಿನಿಂದ ಒತ್ತಿ ಹಿಡಿದು ನೋಡಿ. ಹತ್ತು ನಿಮಿಷದಲ್ಲಿ ತಂಪು ಬಂದರೆ ರೋಗ ಗೊತ್ತಾಯಿತು. ಗ್ಯಾಸನ್ನು ಮುಟ್ಟುವ ಅಗತ್ಯವೇ ಇಲ್ಲ.

ಚಳಿಗಾಲದಲ್ಲಿ ಹೀಟರ್ ಬೆಚ್ಚಗಾಗುವುದೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡುವುದರಿಂದ. ಹೀಟರ್ ಎತ್ತರದಲ್ಲಿರುವುದರಿಂದ ಕೂಲೆಂಟ್ ಕಡಿಮೆಯಾದಾಗ ಮೊದಲು ಬರಿದಾಗುವುದು ಅದೇ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಮಟ್ಟ ಸರಿಯಿದ್ದರೆ ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಎಂಜಿನ್ ಹಿಂದಿನ ಗೋಡೆಯೊಳಗೆ ಹೋಗುವ ಎರಡು ಹೋಸುಗಳನ್ನು ಎಚ್ಚರದಿಂದ ಮುಟ್ಟಿ ನೋಡಿ. ಎರಡೂ ಸುಡುವಷ್ಟು ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ಫ್ಲಾಪ್ ಅಥವಾ ಕೇಬಲ್. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ವಾಲ್ವ್ ತೆರೆದಿಲ್ಲ ಅಥವಾ ಹೀಟರ್ ಕಾಯಿಲ್ ಕಟ್ಟಿದೆ. ಎರಡೂ ಉಗುರುಬೆಚ್ಚಗಿದ್ದು ಎಂಜಿನ್ ತಾಪದ ಮೀಟರಿನ ಮುಳ್ಳೂ ಮೇಲೇಳದಿದ್ದರೆ ಎಂಜಿನ್ನಿನ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದೇ ನಿಂತಿದೆ, ಇಲ್ಲವೇ ಯಾರೋ ಅದನ್ನು ಕಿತ್ತುಹಾಕಿದ್ದಾರೆ. ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ತೆಗೆದು ಓಡಿಸುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. 80 ಡಿಗ್ರಿಯ ಆಸುಪಾಸಿಗೆ ಬಾರದ ಡೀಸೆಲ್ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ, ನಿಮಗೆ ಬೆಚ್ಚಗಿನ ಗಾಳಿಯನ್ನೂ ಕೊಡುವುದಿಲ್ಲ.

ಡ್ಯಾಶ್‌ಬೋರ್ಡಿನೊಳಗೆ ಗುಳುಗುಳು ಸದ್ದು ಬಂದರೆ ಗಾಳಿ ಸಿಕ್ಕಿಕೊಂಡಿದೆ. ಎಂಜಿನ್ ತಣ್ಣಗಿರುವಾಗ ಗಾಡಿಯ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮುಚ್ಚಳ ತೆರೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಆಮೇಲೆ ಎಂಜಿನ್ ಚಾಲೂ ಮಾಡಿ. ಥರ್ಮೋಸ್ಟಾಟ್ ತೆರೆಯುವವರೆಗೆ ಗುಳ್ಳೆ ಹೊರಬರುತ್ತದೆ, ಅಷ್ಟಷ್ಟೇ ಕೂಲೆಂಟ್ ಸೇರಿಸುತ್ತಾ ಹೋಗಿ.

ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದೇವೆ. ತೊಂದರೆಯೇ?

ತೊಂದರೆಯೇ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪೊರೆಯನ್ನು ನೋಡಿಯೇ ಇರುತ್ತೀರಿ. ಅದೇ ಸುಣ್ಣ ಹೀಟರ್ ಕಾಯಿಲಿನ ಕಿರಿದಾದ ಕೊಳವೆಗಳಲ್ಲಿ ಕೂರುತ್ತದೆ. ದೊಡ್ಡ ರೇಡಿಯೇಟರ್ ಹೇಗೋ ತಾಳಿಕೊಳ್ಳುತ್ತದೆ, ಹೀಟರಿಗೆ ಅಷ್ಟು ಶಕ್ತಿಯಿಲ್ಲ. ಬರೀ ನೀರಿಗೆ ತುಕ್ಕು ತಡೆಯುವ ಗುಣವೂ ಇಲ್ಲದ್ದರಿಂದ ಎಂಜಿನ್ ಬ್ಲಾಕಿನ ತುಕ್ಕಿನ ಪುಡಿಯೂ ಅಲ್ಲಿಗೇ ಬಂದು ಸೇರುತ್ತದೆ.

ಎರಡೂ ಹೋಸ್ ಬಿಚ್ಚಿ, ಕೂಲೆಂಟ್ ಹೊರಬರುವ ಬಾಯಿಗೆ ತೋಟದ ಪೈಪ್ ಹಿಡಿದು ಕಡಿಮೆ ಒತ್ತಡದಲ್ಲಿ ನೀರು ಬಿಡಿ. ಮೊದಲು ಕೆಂಪು ರಾಡಿ, ಆಮೇಲೆ ಬಿಳಿ ಹರಳು, ಕೊನೆಗೆ ತಿಳಿ ನೀರು ಬರುತ್ತದೆ. ಪಂಪ್‌ಸೆಟ್ಟಿನ ಒತ್ತಡ ಕೊಟ್ಟರೆ ಹಳೆಯ ಕಾಯಿಲ್ ಒಡೆಯುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಒಳ್ಳೆಯ ಕೂಲೆಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ತುಂಬಿ. ಹಳೆಯ ಕೂಲೆಂಟನ್ನು ನೆಲಕ್ಕೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ದನಕರು ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತವೆ.

ಸೋರುವ ಹೀಟರನ್ನು ಬೈಪಾಸ್ ಮಾಡಬಹುದೇ?

ದಾರಿಯಲ್ಲಿ ಸಿಕ್ಕಿಕೊಂಡಾಗ ಎರಡು ಹೋಸುಗಳನ್ನು ಒಂದಕ್ಕೊಂದು ಸೇರಿಸಿ ಮನೆ ಮುಟ್ಟುವುದು ಸರಿ. ಹಾಗೇ ಬಿಟ್ಟುಬಿಡುವುದು ಮಲೆನಾಡಿನಲ್ಲಿ ಸರಿಯಲ್ಲ, ಕಾರಣ ಮುಂದಿನ ಉತ್ತರದಲ್ಲಿದೆ.

ಮಳೆಯಲ್ಲಿ ಘಾಟಿ ಇಳಿಯುವಾಗ ಮುಂಗಾಜು ಮಸುಕಾಗಿ ರಸ್ತೆಯೇ ಕಾಣುವುದಿಲ್ಲ. ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಪ್ರತಿಯೊಬ್ಬ ಚಾಲಕನಿಗೂ ಬಾಯಿಪಾಠವಾಗಿರಬೇಕು. ಆಗುಂಬೆ, ಚಾರ್ಮಾಡಿ, ಶಿರಾಡಿಯಲ್ಲಿ ಜುಲೈ ತಿಂಗಳಲ್ಲಿ ಹತ್ತು ಸೆಕೆಂಡ್ ರಸ್ತೆ ಕಾಣದಿದ್ದರೂ ಪ್ರಾಣಕ್ಕೆ ಸಂಚಕಾರ.

ಮೊದಲು ಬೆರಳಿನಿಂದ ಗಾಜಿನ ಒಳಮೈ ಒರೆಸಿ. ಗೆರೆ ಮೂಡಿದರೆ ಮಂಜು ಒಳಗಿನದು. ಡಬಲ್ ಕ್ಯಾಬಿನಲ್ಲಿ ಐದು ಜನ, ಒದ್ದೆ ಬಟ್ಟೆ, ಒದ್ದೆ ಕೊಡೆ; ಆ ತೇವವೆಲ್ಲ ತಣ್ಣನೆಯ ಗಾಜಿಗೆ ಅಂಟುತ್ತದೆ. ಆಗ ಎಸಿ ಹಾಕಿ, ತಾಪದ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಿ, ಗಾಳಿಯನ್ನು ಮುಂಗಾಜಿಗೆ ಬಿಡಿ, ಹೊರಗಾಳಿಯ ದಾರಿ ತೆರೆಯಿರಿ. ಎಸಿ ಮತ್ತು ಹೀಟರ್ ಒಟ್ಟಿಗೆ ಹಾಕುವುದು ದಂಡವೆಂದು ಹಲವರು ಭಾವಿಸುತ್ತಾರೆ. ನಿಜವಾಗಿ ಎರಡೂ ಬೇಕು: ಕೂಲಿಂಗ್ ಕಾಯಿಲ್ ಗಾಳಿಯ ನೀರನ್ನು ಹಿಂಡಿ ತೆಗೆಯುತ್ತದೆ, ಹೀಟರ್ ಆ ಒಣಗಾಳಿಯನ್ನು ಬೆಚ್ಚಗೆ ಮಾಡಿ ಗಾಜಿಗೆ ಕಳಿಸುತ್ತದೆ. ಒಂದೆರಡು ನಿಮಿಷದಲ್ಲಿ ಗಾಜಿನ ಕೆಳಗಿನಿಂದ ಅರ್ಧಚಂದ್ರದ ಆಕಾರದಲ್ಲಿ ತಿಳಿಯಾಗುತ್ತಾ ಮೇಲಕ್ಕೆ ಹರಡುತ್ತದೆ. ಒಳಗಾಳಿಯಲ್ಲೇ ಇಟ್ಟರೆ ನಿಮ್ಮದೇ ಉಸಿರಿನ ತೇವ ಸುತ್ತುತ್ತಿರುತ್ತದೆ.

ಬೆರಳಿನಿಂದ ಒರೆಸಿದರೂ ಗೆರೆ ಮೂಡದೆ, ವೈಪರ್ ಆಡಿಸಿದರೆ ತಿಳಿಯಾದರೆ ಮಂಜು ಹೊರಗಿನದು. ಕರಾವಳಿಯ ಸೆಕೆಯಲ್ಲಿ ಎಸಿ ಗಾಜನ್ನು ಅತಿಯಾಗಿ ತಣ್ಣಗೆ ಮಾಡಿದಾಗ ಹೀಗಾಗುತ್ತದೆ. ತಂಪು ಗಾಳಿಯನ್ನು ಗಾಜಿನಿಂದ ಬೇರೆಡೆಗೆ ತಿರುಗಿಸಿ, ತಾಪ ಸ್ವಲ್ಪ ಏರಿಸಿ. ಎರಡು ಮಂಜಿಗೂ ಒಂದೇ ಔಷಧಿ ಹಾಕಿದರೆ ಒಂದಕ್ಕೆ ತಪ್ಪು ಔಷಧಿಯಾಗುತ್ತದೆ.

ಕಾಲ ಕೆಳಗಿನ ಮ್ಯಾಟ್ ಒದ್ದೆಯಾಗುತ್ತದೆ. ಇದು ಎಲ್ಲಿಯ ನೀರು?

ಮುಟ್ಟಿ, ಮೂಸಿ ನೋಡಿ. ತಿಳಿಯಾಗಿ ವಾಸನೆಯಿಲ್ಲದಿದ್ದರೆ ಎಸಿ ಕಾಯಿಲಿನ ನೀರು. ಅದು ಹೊರಹೋಗುವ ರಬ್ಬರ್ ಕೊಳವೆ ಮಣ್ಣಿನಿಂದ ಮುಚ್ಚಿದೆ, ಗಾಡಿಯ ಕೆಳಗಿನಿಂದ ಮೆತ್ತನೆಯ ತಂತಿ ತೂರಿಸಿ ಬಿಡಿಸಿ. ಜಿಡ್ಡಾಗಿ, ಸಿಹಿ ವಾಸನೆಯಿದ್ದು, ಗಾಜಿನ ಮೇಲೂ ಎಣ್ಣೆ ಪದರ ಕೂತರೆ ಹೀಟರ್ ಕಾಯಿಲ್ ಸೋರುತ್ತಿದೆ. ಮಳೆಗಾಲದಲ್ಲಿ ಮಾತ್ರ ಒದ್ದೆಯಾದರೆ ಮುಂಗಾಜಿನ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿ ನೋಡಿ.

ಕಂಪ್ರೆಸರ್ ಹಾಳಾಗಿದೆ. ಅದನ್ನಷ್ಟೇ ಬದಲಿಸಿದರೆ ಸಾಕೇ?

ಸಾಲದು. ಮೊದಲು ನಿಜವಾಗಿ ಹಾಳಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಎಸಿ ಆಫ್ ಇದ್ದಾಗಲೂ ಗರಗರ ಶಬ್ದ ಬಂದರೆ ಪುಲ್ಲಿಯ ಬೇರಿಂಗ್ ಮಾತ್ರ ಹೋಗಿರಬಹುದು, ಅದು ಬೇರೆಯಾಗಿ ಸಿಗುತ್ತದೆ. ಎಸಿ ಹಾಕಿದಾಗ ಮಾತ್ರ ಶಬ್ದ ಬಂದರೆ ಒಳಗಿನ ದೋಷ.

ಒಳಗೆ ಸವೆದ ಕಂಪ್ರೆಸರ್ ಲೋಹದ ಪುಡಿಯನ್ನು ಕಂಡೆನ್ಸರಿನವರೆಗೂ ಹರಡಿರುತ್ತದೆ. ಎಣ್ಣೆ ಕಪ್ಪಾಗಿದ್ದರೆ ಕೊಳವೆಗಳನ್ನು ಫ್ಲಶ್ ಮಾಡಬೇಕು, ಡ್ರೈಯರ್ ಹೊಸದಾಗಬೇಕು, ಎಕ್ಸ್‌ಪ್ಯಾನ್ಷನ್ ವಾಲ್ವ್ ಬದಲಿಸಬೇಕು, ಚಪ್ಪಟೆ ಕೊಳವೆಯ ಕಂಡೆನ್ಸರ್ ಆದರೆ ಅದನ್ನೂ ಬದಲಿಸುವುದೇ ಲೇಸು, ಏಕೆಂದರೆ ಅದರ ಕೂದಲೆಳೆಯಂಥ ದಾರಿಗಳು ಫ್ಲಶ್ ಮಾಡಿದರೂ ಪೂರ್ತಿ ಶುಚಿಯಾಗುವುದಿಲ್ಲ. ಎಣ್ಣೆ ಕಂಪ್ರೆಸರ್ ತಯಾರಕರು ಹೇಳಿದ ನಮೂನೆಯದೇ ಆಗಿರಲಿ. ಆರ್-134ಎ ಕಂಪ್ರೆಸರುಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿಎಜಿ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುವುದರಿಂದ ಮುಚ್ಚಳ ತೆರೆದಿಟ್ಟ ಹಳೆಯ ಡಬ್ಬಿಯದು ಬೇಡ.

ಚಳಿಗಾಲದಲ್ಲಿ ಎಸಿ ಪೂರ್ತಿ ನಿಲ್ಲಿಸಿಬಿಡಬಹುದೇ?

ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಶಾಫ್ಟ್ ಸೀಲಿಗೆ ಎಣ್ಣೆ ತಾಗುತ್ತಿದ್ದರೆ ಅದು ಒಣಗಿ ಬಿರಿಯುವುದಿಲ್ಲ.

ಲೋಡ್ ಹಾಕಿ ಘಾಟಿ ಹತ್ತುವಾಗ ಎಸಿ ಹಾಕಿದರೆ ಎಂಜಿನ್ ತಾಪದ ಮುಳ್ಳು ಮೇಲೇರುತ್ತದೆ.

ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಹಾಕಿ, ಕಿಟಕಿ ಇಳಿಸಿ. ಹೀಟರ್ ಎರಡನೆಯ ರೇಡಿಯೇಟರಿನಂತೆ ಎಂಜಿನ್ನಿನ ಶಾಖ ಎಳೆಯುತ್ತದೆ. ಮುಳ್ಳು ಕೆಂಪಿಗೆ ಹೋದರೆ ಮಾತ್ರ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿಬಿಡಿ. ಊರಿಗೆ ಬಂದ ಮೇಲೆ ವಿಸ್ಕಸ್ ಫ್ಯಾನ್, ಕಂಡೆನ್ಸರ್ ಸಂದಿನ ಧೂಳು, ರೇಡಿಯೇಟರ್ ಇವನ್ನೇ ನೋಡಿ.

ಎಸಿ ಇಲ್ಲದೆ ಬಂದ ಪಿಕಪ್ಪಿಗೆ ಈಗ ಹಾಕಿಸಬಹುದೇ?

ಹಾಕಿಸಬಹುದು, ಮತ್ತು ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ದಿನವಿಡೀ ಸರಕು ಸಾಗಿಸುವ ಚಾಲಕನಿಗೆ ಎಸಿ ಐಷಾರಾಮವೆಂದು ನಾನು ಒಪ್ಪುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2, ಎನ್3 ವರ್ಗದ, ಅಂದರೆ ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳ ಕ್ಯಾಬಿನ್ನಿಗೆ ಎಸಿಯನ್ನು ಸರ್ಕಾರವೇ ಕಡ್ಡಾಯ ಮಾಡಿದೆ. ಒಟ್ಟು ತೂಕ 3.5 ಟನ್ ಮೀರದ ಪಿಕಪ್ಪುಗಳು ಎನ್1 ವರ್ಗದವು, ಆ ನಿಯಮಕ್ಕೆ ಬರುವುದಿಲ್ಲ. ಹಾಕಿಸುವಾಗ ನಿಮ್ಮ ಎಂಜಿನ್ನಿಗೇ ಮಾಡಿದ ಬ್ರಾಕೆಟ್, ಕಂಡೆನ್ಸರಿಗೆ ಪ್ರತ್ಯೇಕ ಫ್ಯಾನ್, ರಿಲೇ ಮತ್ತು ಫ್ಯೂಸ್ ಇರುವ ಹೊಸ ವೈರಿಂಗ್, ಆ ಹೊರೆ ತಾಳುವ ಆಲ್ಟರ್‌ನೇಟರ್ ಇವೆಯೇ ಎಂದು ನೋಡಿ. ಚಾವಣಿಗೆ, ಎಂಜಿನ್ ಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕಿಸದಿದ್ದರೆ ತಗಡಿನ ಕ್ಯಾಬಿನ್ ತಂಪಾಗುವುದು ಕಷ್ಟ.

ಲೋಡಿಗಾಗಿ ಕಾಯುವಾಗ ಎಸಿ ಹಾಕಿಕೊಂಡು ಕ್ಯಾಬಿನ್ನಿನಲ್ಲೇ ಮಲಗಬಹುದೇ?

ಬೇಡ. ಹಳೆಯ ಗಾಡಿಯ ಸೈಲೆನ್ಸರ್ ಪೈಪಿನಲ್ಲಿ ತೂತು, ಕ್ಯಾಬಿನ್ ತಳದಲ್ಲಿ ತುಕ್ಕಿನ ಕಿಂಡಿ ಇರುವುದು ಸಾಮಾನ್ಯ. ನಿಂತ ಗಾಡಿಯ ಹೊಗೆ ಒಳಗೆ ಸೇರಿದರೆ ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿರುವವರಿಗೆ ಎಚ್ಚರವೂ ಆಗುವುದಿಲ್ಲ. ಶೆಡ್ಡಿನೊಳಗೆ, ಗೋಡೆ ಪಕ್ಕದಲ್ಲಿ ನಿಲ್ಲಿಸಿದ್ದರಂತೂ ಅಪಾಯ ಇನ್ನೂ ಹೆಚ್ಚು. ಎಂಜಿನ್ ಆರಿಸಿ, ನೆರಳಿನಲ್ಲಿ ಕಿಟಕಿ ತೆರೆದು ಮಲಗಿ.

ವರ್ಕ್‌ಶಾಪಿಗೆ ಹೋದಾಗ ಏನು ಹೇಳಬೇಕು, ಏನು ಕೇಳಬೇಕು?

“ಗ್ಯಾಸ್ ಹಾಕಿ” ಎಂದು ಹೇಳಬೇಡಿ, ಲಕ್ಷಣ ಹೇಳಿ. ನಿಂತಾಗ ತಂಪಿಲ್ಲವೇ, ಓಡುವಾಗಲೂ ಇಲ್ಲವೇ, ಬಿಸಿಯಾದ ಮೇಲೆ ಬಿಡುತ್ತದೆಯೇ, ಗಾಳಿ ಕಡಿಮೆಯೇ, ಕ್ಲಚ್ ಹಿಡಿಯುತ್ತದೆಯೇ. ಹಿಂದೆ ಯಾವಾಗ ಗ್ಯಾಸ್ ಹಾಕಿಸಿದ್ದಿರಿ ಎಂಬುದನ್ನೂ ಹೇಳಿ. ಕೆಲಸ ಮುಗಿದ ಮೇಲೆ ಬಿಲ್ಲಿನಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳಿ: ಹಳೆಯ ಗ್ಯಾಸ್ ಎಷ್ಟು ಗ್ರಾಂ ಹೊರಬಂತು, ಸೋರಿಕೆ ಎಲ್ಲಿತ್ತು, ಎಷ್ಟು ಹೊತ್ತು ವ್ಯಾಕ್ಯೂಮ್ ಹಾಕಿದರು, ಹೊಸದಾಗಿ ಎಷ್ಟು ಗ್ರಾಂ ಹೋಯಿತು. ಮುಂದಿನ ಬೇಸಿಗೆಯಲ್ಲಿ ತಂಪು ತಗ್ಗಿದರೆ ಆ ಚೀಟಿಯನ್ನು ತೆಗೆದುಕೊಂಡೇ ಹೋಗಿ.